ಮೋಟಾರು ಕಾರಖಾನೆಯೂ ಅನ್ಯ ಕಸಬಿನವರೂ

ಬಿಡದಿ, ಹೊಸಕೋಟೆ, ನರಸಾಪುರಗಳಲ್ಲಿ ಮೋಟಾರು ವಾಹನಗಳ ಕಾರಖಾನೆಗಳು ನಡೆಯುತ್ತಿರುವುದು ನಾಡಿಗೆ ಅಭಿಮಾನದ ಸಂಗತಿಯೇ ಸರಿ. ಆದರೆ ಬೇರೊಂದು ಕಸಬಿನಲ್ಲಿ ಇಪ್ಪತ್ತು ವರ್ಷ ಕೈಪಳಗಿದವನು ಇಂತಹ ಬಾಗಿಲಿಗೆ ಬಂದಾಗ ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಅವನ ವಯಸ್ಸನ್ನು. ಆಮೇಲೆ ಅವನ ಕಾಗದವನ್ನು. ಅವನ ಕೈಯನ್ನು ನೋಡುವ ಸರದಿ ಬರುವುದೇ ಅಪರೂಪ. ಇದು ನ್ಯಾಯವೂ ಅಲ್ಲ, ಲಾಭಕರವೂ ಅಲ್ಲವೆಂಬುದು ನಮ್ಮ ಅಭಿಪ್ರಾಯವಾಗಿರುತ್ತದೆ.

ಬಿಡದಿಯ ಟೊಯೋಟಾ ಮಂಡಲಿಯ ಕುಲಮೂಲವನ್ನು ಶೋಧಿಸಿದರೆ ಸಿಕ್ಕುವುದು ಮಗ್ಗ! ಜಪಾನಿನ ಸಾಕಿಚಿ ಟೊಯೋಡಾ ಎಂಬ ಮಹನೀಯರು, ನೂಲು ಹರಿದೊಡನೆ ತಾನಾಗಿಯೇ ನಿಲ್ಲುವ ಮಗ್ಗವನ್ನು 1924ರಲ್ಲಿ ಸಿದ್ಧಗೊಳಿಸಿದರು. ಮಗ್ಗಗಳನ್ನು ತಯಾರಿಸುತ್ತಿದ್ದ ಅವರ ಕಾರಖಾನೆಯಲ್ಲಿಯೇ 1933ರಲ್ಲಿ, ಅವರ ಮಗನ ಪ್ರಯತ್ನದಿಂದ, ಮೋಟಾರು ಶಾಖೆಯು ತೆರೆಯಲ್ಪಟ್ಟಿತು. 1937ರಲ್ಲಿ ಅದು ಪ್ರತ್ಯೇಕ ಮಂಡಲಿಯಾಯಿತು. ದೋಷವು ಕಂಡೊಡನೆ ಕೆಲಸವನ್ನು ನಿಲ್ಲಿಸಿ ಸರಿಪಡಿಸಬೇಕೆಂಬ ಮಗ್ಗದ ನೀತಿಯೇ ಮುಂದೆ ಮೋಟಾರು ಜೋಡಣೆಯ ಸಾಲಿಗೂ ನೀತಿಯಾಯಿತು. ಇಂದು ಅಲ್ಲಿಯ ಕೆಲಸಗಾರನು ತಪ್ಪು ಕಂಡಾಗ ಹಗ್ಗವನ್ನೆಳೆದು ಕರೆಗೊಡುವುದು ಅದರಿಂದಲೇ. ನಮ್ಮ ಬೆಂಗಳೂರಿನಲ್ಲಿಯೂ, 1940ರಲ್ಲಿ ಸ್ಥಾಪಿತವಾದ ವಿಮಾನ ಕಾರಖಾನೆಯವರು ಮಹಾಯುದ್ಧವು ಮುಗಿದ ಮೇಲೆ ಬಸ್ಸಿನ ಒಡಲುಗಳನ್ನೂ ರೈಲುಡಬ್ಬಿಗಳನ್ನೂ ಮಾಡಲಿಲ್ಲವೆ?

ಎಚ್.ಎಂ.ಟಿ. ಕೈಗಡಿಯಾರದ ಮಂಡಲಿಯನ್ನು ಮುಚ್ಚಲು ಕೇಂದ್ರ ಮಂತ್ರಿಮಂಡಲವು 2016ರಲ್ಲಿ ಒಪ್ಪಿತು. ಕೂದಲೆಳೆಗಿಂತ ಕಿರಿದಾದ ಅಳತೆಗಳಲ್ಲಿ ದಿನವೆಲ್ಲ ವ್ಯವಹರಿಸಿದವರು ಡೀಸೆಲ್ ಪಂಪಿನ ಬಿಡಿಭಾಗಗಳ ಜೋಡಣೆಗೆ ಅನ್ಯರೆಂದು ಹೇಳುವ ಧೈರ್ಯ ಯಾರಿಗಿದೆ? ಸಿದ್ಧ ಉಡುಪಿನ ಕಾರಖಾನೆಯಲ್ಲಿ ಹೊಲಿದ ಹೆಣ್ಣುಮಗಳಿಗೆ ಮೋಟಾರಿನ ಆಸನದ ಹೊದಿಕೆ ಹೊಲಿಯುವುದು ಎಷ್ಟು ದಿನದ ಕಲಿಕೆ?

ಹಾಗೆಂದು ಎಲ್ಲ ಕುಶಲತೆಯೂ ಇಡಿಯಾಗಿ ಸಾಗಿಬರುವುದೆಂದು ನಾವು ಹೇಳುವುದಿಲ್ಲ. ಮನೆಗಳಿಗೆ ತಂತಿ ಎಳೆಯುವವನು 230 ವೋಲ್ಟಿಗೆ ಒಗ್ಗಿದವನು. ಮೇನನ್ನು ಆರಿಸಿದರೆ ಭಯವಿಲ್ಲವೆಂಬುದು ಅವನ ರೂಢಿ. ವಿದ್ಯುತ್ ಮೋಟಾರುಗಾಡಿಯ ಬ್ಯಾಟರಿಯಾದರೋ ಅನೇಕ ವೇಳೆ 300 ವೋಲ್ಟಿಗೂ ಮೇಲ್ಪಟ್ಟದ್ದು. ಗಾಡಿಯನ್ನು ಆರಿಸಿದರೂ ಪೆಟ್ಟಿಗೆಯೊಳಗಿನ ಶಕ್ತಿಯು ಆರುವುದಿಲ್ಲ. ಇಲ್ಲಿ ಹಳೆಯ ರೂಢಿಯೇ ಪ್ರಾಣಕ್ಕೆ ಎರವಾದೀತು. ಇಂತಹವರಿಗೆ ಶಿಕ್ಷಣವು ಬೇಕು, ಶಿಕ್ಷಣದ ಕಾಲದಲ್ಲಿ ಸಂಸಾರವು ನಡೆಯುವಷ್ಟು ಭತ್ಯವೂ ಬೇಕು. ಮೂರು ತಿಂಗಳು ಉಪವಾಸವಿದ್ದು ಕಲಿಯಲು ಗೃಹಸ್ಥನಿಂದಾಗದು.

ಕಸಬುದಾರರಿಗೂ ಒಂದು ಮಾತು: ‘ಗಡಿಯಾರದ ಕೆಲಸ, ಹದಿನೆಂಟು ವರ್ಷ’ ಎಂದಷ್ಟೇ ಅರ್ಜಿಯಲ್ಲಿ ಬರೆದರೆ ಓದುವವನಿಗೆ ಏನೂ ತಿಳಿಯದು. ಯಾವ ಯಂತ್ರವನ್ನು ನಡೆಸಿದಿರಿ, ಮೈಕ್ರೋಮೀಟರಿನಿಂದ ಎಷ್ಟು ಸೂಕ್ಷ್ಮವಾಗಿ ಅಳೆದಿರಿ, ನೂರರಲ್ಲಿ ಎಷ್ಟು ಭಾಗಗಳು ತಿರಸ್ಕೃತವಾದುವು ಎಂಬುದನ್ನು ಬರೆಯತಕ್ಕದ್ದು.

ಶಾಲೆಯ ಹೊರಗೆ ಕಲಿತ ವಿದ್ಯೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು 2015ರ ಕೇಂದ್ರ ಕೌಶಲ್ಯ ಯೋಜನೆಯಲ್ಲಿ ಸೇರಿತು. ಪತ್ರವನ್ನು ಕೊಟ್ಟರೆ ಸಾಲದು. ಕಾರಖಾನೆಯವರು ಅದನ್ನು ಮನ್ನಿಸುವಂತೆ ನಮ್ಮ ಸರ್ಕಾರದವರು ಮಾಡಬೇಕು. ಕೈಗಾರಿಕೆಗೆಂದು ಸರ್ಕಾರವು ಒದಗಿಸಿದ ಭೂಮಿಯಲ್ಲಿ ನಿಂತಿರುವ ಮಂಡಲಿಗಳನ್ನು ಇಷ್ಟಾದರೂ ಕೇಳಬಹುದು: ಅರ್ಜಿದಾರನ ಕೈಗೆ ಒಂದು ದಿನ ಉಪಕರಣವನ್ನು ಕೊಟ್ಟು ನೋಡಲಿ, ಆ ಪರೀಕ್ಷೆಯಲ್ಲಿ ಗೆದ್ದವನಿಗೆ ವಯೋಮಿತಿಯ ನಿಬಂಧನೆಯನ್ನು ತೆಗೆದುಹಾಕಲಿ.