ಚಪ್ಪರ ಬಿಚ್ಚುವ ಕರ್ನೆಲ್

ಲಿನಕ್ಸ್ ಕಂಪ್ಯೂಟರು ಶುರುವಾಗುವಾಗ ಪರದೆಯ ಮೇಲೆ ಸರಸರನೆ ಓಡುವ ಸಂದೇಶಗಳ ನಡುವೆ ಒಂದು ಸಾಲು ಬರುತ್ತದೆ: ಬಳಕೆಯಿಲ್ಲದ ಕರ್ನೆಲ್ ಮೆಮೊರಿ ಬಿಡುಗಡೆ, ಇಷ್ಟು ಕಿಲೋಬೈಟ್. ಕರ್ನೆಲ್ ಎಂದರೆ ಲಿನಕ್ಸಿನ ತಿರುಳು. ಮದುವೆ ಮುಗಿಯುತ್ತಲೇ ಚಪ್ಪರ ಬಿಚ್ಚಿ ಅಂಗಳ ತೆರವು ಮಾಡಿದ ಹಾಗೆ. ಶುರುವಿನಲ್ಲಿ ಒಮ್ಮೆ ಮಾತ್ರ ಓಡುವ ಫಂಕ್ಷನ್‌ಗಳಿಗೆ ಡ್ರೈವರ್ ಬರೆಯುವವರು ‘ಇನಿಟ್’ ಎಂಬ ಗುರುತು ಹಚ್ಚಿರುತ್ತಾರೆ. ಕೋಡಿನ ತುಂಡುಗಳನ್ನು ಜೋಡಿಸುವ ಲಿಂಕರ್ ಅವನ್ನೆಲ್ಲ ಒಂದೆಡೆ ಗುಡ್ಡೆ ಹಾಕುತ್ತದೆ, ಕೆಲಸ ಮುಗಿದ ಮೇಲೆ ಕರ್ನೆಲ್ ಆ ಜಾಗವನ್ನು ಹಿಂದಕ್ಕೆ ಪಡೆಯುತ್ತದೆ. ತಡವಾಗಿ ಲೋಡ್ ಆಗುವ ಮಾಡ್ಯೂಲ್‌ಗಳಿಗೂ ಇದೇ ನಿಯಮ. ‘ಎಕ್ಸಿಟ್’ ಗುರುತು ಇನ್ನೂ ಜಾಣ: ಕರ್ನೆಲ್‌ನೊಳಗೇ ಸೇರಿಕೊಂಡ ಡ್ರೈವರನ್ನು ಹೊರಹಾಕುವ ಪ್ರಶ್ನೆಯೇ ಇಲ್ಲವಾದ್ದರಿಂದ, ಆ ಕೋಡು ಮೆಮೊರಿಯಲ್ಲಿ ಉಳಿಯುವುದೇ ಇಲ್ಲ.

ಗಿಗಾಬೈಟ್‌ಗಳ ಕಾಲದಲ್ಲಿ ಇದೆಂಥ ಜಿಪುಣತನ ಎನ್ನಬಹುದು. ಲ್ಯಾಪ್‌ಟಾಪಿನ ಮಟ್ಟಿಗೆ ಆ ಮಾತು ಸರಿಯೇ. ಆದರೆ ಮನೆಯ ಮೂಲೆಯ ಹಳೇ ವೈಫೈ ರೌಟರಿನೊಳಗೂ ಲಿನಕ್ಸ್ ಇರಬಹುದು. 4 ಮೆಗಾಬೈಟ್ ಫ್ಲ್ಯಾಶ್, 32 ಮೆಗಾಬೈಟ್ ರ್‍ಯಾಮ್ ಇರುವ ಅಂಥ ರೌಟರ್‌ಗಳನ್ನು ರೌಟರ್‌ಗಳಿಗೆಂದೇ ಲಿನಕ್ಸ್ ಒದಗಿಸುವ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ತನ್ನ 19.07 ಆವೃತ್ತಿಯ ನಂತರ ಕೈಬಿಡಬೇಕಾಯಿತು. ಅಲ್ಲಿ ನೂರು ಕಿಲೋಬೈಟಿಗೂ ಬೆಲೆ ಇದೆ.

ಹಾಗೆಂದು ಎಲ್ಲ ಉಳಿತಾಯವೂ ಲಾಭವಲ್ಲ. ‘ಡೆವ್‌ಇನಿಟ್’ ಗುರುತಿನ ಕಥೆ ನೋಡಿ. ಯಂತ್ರ ಚಾಲೂ ಇರುವಾಗಲೇ ಸಾಧನ ಚುಚ್ಚುವ ಹಾಟ್‌ಪ್ಲಗ್ ಸೌಲಭ್ಯ ಬೇಕೆಂದರೆ ಕೋಡನ್ನು ಉಳಿಸು, ಬೇಡವೆಂದರೆ ಬಿಸಾಡು ಎನ್ನುವ ಷರತ್ತಿನ ಗುರುತು ಅದು. ಅದರ ಹಿಂದೆ ಡೆವ್‌ಎಕ್ಸಿಟ್, ಡೆವ್‌ಇನಿಟ್‌ಡೇಟಾ ಎಂದು ಸಂಸಾರ ಬೆಳೆಯಿತು. ಎಲ್ಲಿ ಯಾವುದು ಎಂಬ ಗೊಂದಲವೂ ಬೆಳೆಯಿತು. ತಪ್ಪಿದರೆ ಆಗಲೇ ಬಿಡುಗಡೆಯಾದ ಜಾಗದಲ್ಲಿ ಕೋಡು ಹುಡುಕಿ ಕರ್ನೆಲ್ ಮುಗ್ಗರಿಸುತ್ತದೆ. ಯುಎಸ್‌ಬಿ ಎಲ್ಲೆಡೆ ಹರಡಿದ ಮೇಲೆ ಹಾಟ್‌ಪ್ಲಗ್ ಬೇಡ ಎನ್ನುವ ಯಂತ್ರಗಳು ಎಷ್ಟು ಉಳಿದಿದ್ದವು? 2013ರ ಆರಂಭದ ಕರ್ನೆಲ್ 3.8 ಆವೃತ್ತಿಯ ಹೊತ್ತಿಗೆ ನೂರಾರು ಡ್ರೈವರ್‌ಗಳಿಂದ ಡೆವ್‌ಇನಿಟ್ ಗುರುತನ್ನು ಕಿತ್ತುಹಾಕಲಾಯಿತು. ಪ್ರೊಸೆಸರ್‌ಗಳಿಗೆಂದು ಇದ್ದ ‘ಸಿಪಿಯುಇನಿಟ್’ ಕೂಡ ಅದೇ ವರ್ಷ ಹೋಯಿತು. ಲ್ಯಾಪ್‌ಟಾಪ್ ನಿದ್ದೆಗೆ ಜಾರಿ ಏಳುವಾಗಲೂ ಪ್ರೊಸೆಸರ್‌ಗಳನ್ನು ಮತ್ತೆ ಎಬ್ಬಿಸುವ ಕೋಡು ಬೇಕಲ್ಲ! ಇವೆರಡೂ ಹೋಗಿದ್ದು ಒಳ್ಳೆಯದೇ ಆಯಿತು.

ಇನಿಟ್ ಮಾತ್ರ ಉಳಿಯಬೇಕು. ಅದು ಕೇಳುವ ಪ್ರಶ್ನೆ ನೇರ: ಈ ಕೋಡು ಮತ್ತೆ ಓಡುತ್ತದೆಯೋ ಇಲ್ಲವೋ? ಉತ್ತರ ತಪ್ಪಿದರೆ ಹಿಡಿಯಲು ಮಾಡ್‌ಪೋಸ್ಟ್ ಎಂಬ ಉಪಕರಣವಿದೆ. ಉಳಿಯುವ ಕೋಡು ಬಿಡುಗಡೆಯಾಗುವ ಕೋಡನ್ನು ನೆಚ್ಚಿಕೊಂಡಿದೆಯೇ ಎಂದು ಕರ್ನೆಲ್ ಕಟ್ಟುವಾಗಲೇ ಅದು ವಿಭಾಗಗಳ ತಾಳೆ ನೋಡುತ್ತದೆ. ತೊಡಕೆಂದರೆ, ತಾಳೆ ತಪ್ಪಿದರೆ ಬರೀ ಎಚ್ಚರಿಕೆ ಕೊಟ್ಟು ಮುಂದೆ ಸಾಗು ಎನ್ನುವ ಆಯ್ಕೆಯೇ ಅಲ್ಲಿ ಮಾಮೂಲು. ಸಣ್ಣ ಸಾಧನಗಳಿಗೆ ಡ್ರೈವರ್ ಬರೆಯುವ ಕಂಪನಿಗಳು ಆ ಆಯ್ಕೆಯನ್ನು ಆಫ್ ಮಾಡಿ, ತಪ್ಪಿದ ಕೋಡು ಅಲ್ಲೇ ನಿಲ್ಲುವಂತೆ ಮಾಡಲಿ.