‘ಮೈನಾರಿಟಿ’ ಎಂದರೆ ಕಿರಿಯರೇ?

ಕಾಸರಗೋಡಿನಿಂದ ಉದ್ಯೋಗ ನಿಮಿತ್ತ ಬಂದು ತಿರುವನಂತಪುರದಲ್ಲಿಯೂ ಕೊಚ್ಚಿಯಲ್ಲಿಯೂ ನೆಲೆಸಿರುವ ನಮಗೆ ಕಚೇರಿಗಳಲ್ಲಿ ಪದೇ ಪದೇ ಎದುರಾಗುವ ಮಾತು ‘ಮೈನಾರಿಟಿ’. ಊರಿನ ಕನ್ನಡ ಶಾಲೆಯ ಸಂಗತಿ ಎತ್ತಿದೊಡನೆ, “ಓ, ಮೈನಾರಿಟಿಯ ವಿಷಯವೇ?” ಎನ್ನುತ್ತಾರೆ. ಆ ದನಿಯಲ್ಲಿ ದ್ವೇಷವಿಲ್ಲ. ಮಕ್ಕಳ ಹಟವನ್ನು ಸೈರಿಸುವ ಹಿರಿಯರ ಸಹನೆಯಿದೆ. ನಮ್ಮ ತಕರಾರು ಆ ಸಹನೆಯ ಕುರಿತೇ.

ಈ ಸಹನೆಗೆ ಪದದ ಚರಿತ್ರೆಯಲ್ಲಿಯೇ ಬೇರಿದೆ. ಲ್ಯಾಟಿನ್ನಿನ ‘ಮೈನರ್’ ಎಂದರೆ ಇನ್ನೊಂದಕ್ಕಿಂತ ಚಿಕ್ಕದು. ಇಂಗ್ಲಿಷಿನಲ್ಲಿ ‘ಮೈನಾರಿಟಿ’ ಮೊದಲು ಸೂಚಿಸಿದ್ದು ಪ್ರಾಯಕ್ಕೆ ಬಾರದ ಸ್ಥಿತಿಯನ್ನು: ಬಾಲಕ ಅರಸನ ಹೆಸರಿನಲ್ಲಿ ಬೇರೊಬ್ಬರು ಆಳುವ ಕಾಲವನ್ನು. ಕೊಚ್ಚಿಯ ಹೈಕೋರ್ಟಿನಲ್ಲಿ ಇಂದಿಗೂ ‘ಮೈನರ್’ ಎಂದರೆ ಹದಿನೆಂಟು ತುಂಬದವರು. ಅವರ ಪರವಾಗಿ ಪೋಷಕರು ಮಾತನಾಡಬೇಕು. ಎಣಿಕೆಯಲ್ಲಿ ಕಡಿಮೆಯಾದ ಪಕ್ಷವೆಂಬ ಅರ್ಥ ಆಮೇಲಿನದು. ದೇಶವೊಂದರೊಳಗಿನ ಭಾಷಿಕ, ಧಾರ್ಮಿಕ ಸಮುದಾಯವೆಂಬ ಅರ್ಥ ಬಲಗೊಂಡದ್ದು ಮೊದಲ ಮಹಾಯುದ್ಧದ ಬಳಿಕ, ಯುರೋಪಿನ ಗಡಿಗಳನ್ನು ಹೊಸದಾಗಿ ಎಳೆದಾಗ.

ನಾವು ಮೈನಾರಿಟಿಯಾದದ್ದೂ ಹಾಗೆಯೇ. ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಮನೆಯಲ್ಲಿ ಕುಳಿತಂತೆಯೇ, ಆಗಲೇ ರಾಷ್ಟ್ರಕವಿಯೆನಿಸಿದ್ದ ಅವರೂ ‘ಮೈನಾರಿಟಿ’ಯಾದರು. ಜನ ಕದಲಲಿಲ್ಲ, ಗಡಿ ಕದಲಿತು.

ಮಲಯಾಳದಲ್ಲಿ ಇದಕ್ಕೆ ‘ನ್ಯೂನಪಕ್ಷ’ವೆನ್ನುತ್ತಾರೆ. ಅವರಿಗದು ಸಂಖ್ಯೆಯ ಮಾತು. ಕನ್ನಡದ ಕಿವಿಗೆ ‘ನ್ಯೂನತೆ’ ಕೇಳಿಸುತ್ತದೆ. ಆದರೆ ಅವರನ್ನು ದೂರುವ ಮುನ್ನ ನಮ್ಮ ‘ಅಲ್ಪಸಂಖ್ಯಾತ’ದೊಳಗಿನ ‘ಅಲ್ಪ’ವನ್ನೂ ನೋಡಿಕೊಳ್ಳಬೇಕು. ಬೆಂಗಳೂರಿನ ಮಲಯಾಳಿಯನ್ನು ಆ ಪದದಿಂದ ಕರೆಯುವವರು ನಾವೇ.

ಹಾಗಾದರೆ ಪದವನ್ನು ಬಿಟ್ಟುಬಿಡಬೇಕೇ? ಬೇಡ. ಅದಕ್ಕೆ ಕಾನೂನು ಕೊಟ್ಟ ಅರ್ಥವನ್ನು ಹಿಡಿಯಬೇಕು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಹಾಗೂ ತಮಿಳು ಅಲ್ಪಸಂಖ್ಯಾತರು ತಿರುವನಂತಪುರದ ಸೆಕ್ರೆಟೇರಿಯಟ್ಟಿಗೆ ತಮ್ಮ ಭಾಷೆಯಲ್ಲಿಯೇ ಬರೆಯಬಹುದು. ಉತ್ತರವೂ ಆ ಭಾಷೆಯಲ್ಲಿಯೇ ಬರಬೇಕು. ಇಲ್ಲಿ ಮೈನಾರಿಟಿಯೆಂದರೆ ಹಕ್ಕುಳ್ಳವರು. ಕನ್ನಡವರಿಯದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ಕಳುಹಿಸಿ, ಹೆತ್ತವರು ಪ್ರತಿಭಟಿಸಿದರೆ ಸೌಜನ್ಯ ಕೋರುವವರು ಈ ಅರ್ಥವನ್ನು ಮರೆತು ಹಳೆಯ ಬಾಲ್ಯದ ಅರ್ಥಕ್ಕೆ ಮರಳುತ್ತಾರೆ.

‘ಮಿನಿಸ್ಟರ್’ ಎಂಬ ಪದವೂ ಇದೇ ಮೂಲದ್ದು. ಲ್ಯಾಟಿನ್ನಿನಲ್ಲಿ ಅದರ ಅರ್ಥ ಸೇವಕ, ಕೆಳಗಿನವನು. ಮಂತ್ರಿಯನ್ನು ಯಾರೂ ಇಂದು ಕಿರಿಯನೆಂದು ಸೈರಿಸುವುದಿಲ್ಲ. ಅಧಿಕಾರ ಕೈಸೇರಿದಾಗ ಪದದ ಅರ್ಥವೂ ಮೇಲೇರಿತು.

ನಮ್ಮ ತಪ್ಪೂ ಇದೆ. 1969ರ ಕಾಯ್ದೆಯನ್ನು ನಂಬಿ ಸೆಕ್ರೆಟೇರಿಯಟ್ಟಿಗೆ ಕನ್ನಡದಲ್ಲಿ ಅರ್ಜಿ ಬರೆದವರು ನಮ್ಮಲ್ಲಿ ಎಷ್ಟು ಮಂದಿ? ಕೆಲಸ ಬೇಗನೆ ಆಗಲೆಂದು ಇಂಗ್ಲಿಷಿನಲ್ಲಿ ಬರೆದು, ಸಂಜೆ ಕನ್ನಡದ ಸಭೆಯಲ್ಲಿ ಕಳವಳಪಟ್ಟವರು ನಾವು. ಮುಂದಿನ ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯೋಣ, ಉತ್ತರವನ್ನೂ ಕನ್ನಡದಲ್ಲಿಯೇ ಕೇಳೋಣ.