ಗಿಟಾರ್ ಹೊಸದು, ಮಾತು ನಮ್ಮದೇ

ದಿಂಡೋರಿಯಿಂದ ಸುಮಾರು 25 ಕಿ.ಮೀ. ದೂರದ ನಾಸಿಕ್‌ನಲ್ಲಿ 1974ರಲ್ಲಿ ಹುಟ್ಟಿದವರು ರಘು ದೀಕ್ಷಿತ್. ಬೆಳೆದದ್ದು ಮೈಸೂರು, ಓದಿದ್ದು ಮೈಕ್ರೋಬಯಾಲಜಿ. ‘ಅಂತರಾಗ್ನಿ’ ಬ್ಯಾಂಡ್ ಚದುರಿದ ಮೇಲೆ ಗಿಟಾರ್ ಹಿಡಿದು ತಮ್ಮದೇ ದಾರಿ ಹಿಡಿದರು. 2008ರಲ್ಲಿ ವಿಶಾಲ್–ಶೇಖರ್ ಅವರ ಲೇಬಲ್‌ನಿಂದ ಬಂದ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಶಿಶುನಾಳ ಶರೀಫರ ತತ್ವಪದಗಳೂ ಇದ್ದವು, ಅನುವಾದವಿಲ್ಲದೆ, ಅಪ್ಪಟ ಕನ್ನಡದಲ್ಲೇ. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಅವರಿಗೆ ಹೊಸ ಪ್ರತಿಭೆ ಪ್ರಶಸ್ತಿ ಕೊಟ್ಟಿತು.

ನಾವೋ, ಆಫೀಸಿನ ಪಾರ್ಟಿಯಲ್ಲಿ ಮೈಕ್ ಕೈಗೆ ಬಂದರೆ ‘ಇಲ್ಲಿ ಯಾರಿಗೆ ಅರ್ಥವಾಗುತ್ತದೆ’ ಎಂದು ಕನ್ನಡ ನುಂಗಿ ಹಿಂದಿ ಹಾಡು ಹುಡುಕುತ್ತೇವೆ. ಹೊರನಾಡಿನಲ್ಲಿ ಕನ್ನಡ ಸೊರಗುವುದು ಕೇಳುವವರಿಲ್ಲದೆ ಅಲ್ಲ, ಹಾಡುವವರ ಸಂಕೋಚದಿಂದ. ಮೊದಲು ಹಾಡೋಣ. ಅರ್ಥ ಕೇಳಿದವರಿಗೆ ಆಮೇಲೆ ಹೇಳಿದರಾಯಿತು.